ಮಗ್ಗದ ಎಡಗಡೆಯವಳು

ವೆಲಿಕಾ ಸೊಸೆಯನ್ನು ಆರಿಸಿದ್ದು ಮುಖ ನೋಡಿ ಅಲ್ಲ, ಬೆರಳು ನೋಡಿ. ಆಚೆ ಕಣಿವೆಯ ಹಳ್ಳಿಗೆ ಹೆಣ್ಣು ನೋಡಲು ಹೋದವಳು ಹುಡುಗಿ ತಂದಿಟ್ಟ ಕಾಫಿಯನ್ನು ಮುಟ್ಟದೆ ನೇರವಾಗಿ ಒಳಕೋಣೆಯ ಮಗ್ಗದ ಹತ್ತಿರ ಹೋದಳು. ಅರ್ಧ ನೇಯ್ದಿದ್ದ ಜಮಖಾನದ ಹಿಂಬದಿಗೆ ಕೈಹಾಕಿ ಸವರಿದಳು. ಇವರ ಚಿಪ್ರೋವ್ತ್ಸಿ ಸೀಮೆಯ ಜಮಖಾನಕ್ಕೆ ಹಿಂದು ಮುಂದು ಅಂತ ಇಲ್ಲ, ಎರಡೂ ಮುಖ ಒಂದೇ. ತಪ್ಪಿದರೆ ಅಡಗಿಸಲು ಜಾಗವಿಲ್ಲ. ಅವಳ ಕೈಗೆ ಒಂದು ಗಂಟೂ ತಾಗಲಿಲ್ಲ.

"ಯಾರ ಕೈಕೆಲಸ ಇದು?" ಅಂದಳು.

"ನಂದೇ" ಅಂದಳು ನಾಯ್ದಾ.

"ಹಾಗಾದ್ರೆ ಹುಡುಗಿ ನಮ್ಮವಳು" ಅಂದಳು ವೆಲಿಕಾ. ಮದುವೆಯಾಗಬೇಕಾದ ಮಗ ಪರ್ವಾನ್ ಆಗಿನ್ನೂ ಹೊಸಲಾಚೆ ಷೂ ಬಿಚ್ಚುತ್ತಾ ನಿಂತಿದ್ದ.

ಈ ಸೀಮೆಯ ಮಗ್ಗ ನೆಟ್ಟಗೆ ನಿಲ್ಲುವಂಥದ್ದು. ಮುಂದೆ ಒಂದೇ ಬೆಂಚು, ಅದರ ಮೇಲೆ ಇಬ್ಬರು ಕೂರಬೇಕು. ಬಲಗಡೆ ಮನೆಯ ಹಿರಿಯಳು, ಎಡಗಡೆ ಸೊಸೆ. ಜಮಖಾನದ ಚಿತ್ತಾರದಲ್ಲಿ ಬಲಗಡೆಯ ಹಕ್ಕಿ ಎಡಕ್ಕೆ ನೋಡಿದರೆ ಎಡಗಡೆಯ ಹಕ್ಕಿ ಬಲಕ್ಕೆ ನೋಡಬೇಕು, ನಡುವೆ ಮರ ಇರಬೇಕು. ಕಾಗದದ ನಕ್ಷೆ ಯಾರ ಮನೆಯಲ್ಲೂ ಇಲ್ಲ. ಲೆಕ್ಕವೆಲ್ಲ ತಲೆಯಲ್ಲೇ. ಒಬ್ಬಳು ಹಿಂದೆ ಬಿದ್ದರೆ ಇನ್ನೊಬ್ಬಳು ಕೈಕಟ್ಟಿ ಕಾಯಬೇಕು, ಇಲ್ಲವಾದರೆ ನೇಯ್ಗೆ ಒಂದು ಪಕ್ಕಕ್ಕೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಹಾಗಾಗಿ ಊರ ಹೆಂಗಸರೆಲ್ಲ ಗೊಣಗಿಕೊಂಡೇ ನೇಯುವುದು. ನಾಲ್ಕು ಕೆಂಪು, ಎರಡು ಕಪ್ಪು, ಒಂದು ಬಿಡು, ತಿರುಗು. ಬೀದಿಯಲ್ಲಿ ನಡೆದುಹೋದರೆ ಕಿಟಕಿ ಕಿಟಕಿಯಿಂದಲೂ ಜೇನುಗೂಡಿನ ಹಾಗೆ ಗುಂಯ್ ಅಂತಿರುತ್ತದೆ. ತಾವು ಗೊಣಗುತ್ತಿದ್ದೇವೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಮದುವೆಯಾದ ಮೊದಲ ವರ್ಷಗಳಲ್ಲಿ ನಾಯ್ದಾ ಕಾಲಿನಿಂದ ಮಗಳು ರುಮೆನಾಳ ತೊಟ್ಟಿಲು ತೂಗುತ್ತಿದ್ದಳು, ಬಾಯಲ್ಲಿ ಲೆಕ್ಕ ಹೇಳುತ್ತಿದ್ದಳು, ನಡುನಡುವೆ ಅತ್ತೆಯ ಊರ ಸುದ್ದಿಗೆ ಹೂಂಗುಟ್ಟುತ್ತಿದ್ದಳು. ಇಷ್ಟರ ಮಧ್ಯೆ ಮೂಗರಳಿಸಿ "ಅತ್ತೆ, ಕಾಳು ತಳ ಹಿಡೀತಿದೆ" ಅಂತಲೂ ಎಚ್ಚರಿಸುತ್ತಿದ್ದಳು. ವೆಲಿಕಾ ಊರ ನಲ್ಲಿಕಟ್ಟೆಯಲ್ಲಿ ನಿಂತು "ನಮ್ಮನೆ ಸೊಸೆಗೆ ನಾಲ್ಕು ತಲೆ" ಅಂತ ಹೇಳಿಕೊಂಡು ಓಡಾಡಿದವಳು. ಹಾಗೆ ಹೇಳಿಕೊಂಡದ್ದೇ ಮುಂದೆ ಅವಳಿಗೆ ಅವಮಾನವಾಗಿ ಕಂಡಿತು ಅಂತ ಕಾಣುತ್ತದೆ.

ಒಂದು ಚಳಿಗಾಲ ನಾಯ್ದಾಳಿಗೆ ಮೊದಲು ನಿದ್ದೆ ಹೋಯಿತು. ಆಮೇಲೆ ಉಣ್ಣೆಯ ಉಂಡೆಗಳು ತನ್ನ ಹೆಸರು ಕರೆಯುತ್ತವೆ ಅಂದಳು. ಮಗ್ಗದ ಹಿಂದೆ ಇಬ್ಬರು ಗಂಡಸರು ಸಿಕ್ಕಿಕೊಂಡಿದ್ದಾರೆ, ಹಗಲೆಲ್ಲ ತನ್ನನ್ನು ಆಡಿಕೊಳ್ಳುತ್ತಾರೆ ಅಂದಳು. ಅತ್ತೆ ಬಡಿಸಿದ್ದನ್ನು ಮೂಸಿ ನೋಡಿ ನಾಯಿಗೆ ಸುರಿದಳು. ವೆಲಿಕಾ ಹಲ್ಲುಕಚ್ಚಿಕೊಂಡು ಅದನ್ನೂ ಸಹಿಸಿದಳು. ಆದರೆ ಒಂದು ಭಾನುವಾರ ಮಧ್ಯಾಹ್ನ, ಮನೆಯವರೆಲ್ಲ ನೆಂಟರ ಮಗುವಿನ ನಾಮಕರಣದ ಊಟಕ್ಕೆ ಹೋಗಿದ್ದಾಗ, ನಾಯ್ದಾ ಕತ್ತರಿ ತೆಗೆದುಕೊಂಡು ಮಗ್ಗದ ಹಾಸಿನ ಎಳೆಗಳನ್ನು ಮೇಲಿನಿಂದ ಸಾಲಾಗಿ ಕತ್ತರಿಸಿದಳು. ಸಿಕ್ಕಿಕೊಂಡ ಆ ಇಬ್ಬರನ್ನು ಹೊರಗೆ ಬಿಡಬೇಕಾಗಿತ್ತಂತೆ. ಅದು ನಾದಿನಿ ಇಸ್ಕ್ರಾಳ ಮದುವೆಯ ಜಮಖಾನ. ಅಡ್ಡಕ್ಕೆ ತೂರಿಸುವ ಹೊಕ್ಕಿನ ಎಳೆ ತುಂಡಾದರೆ ಹೇಗೋ ಸರಿಮಾಡಬಹುದು, ಉದ್ದಕ್ಕೆ ಬಿಗಿದ ಹಾಸು ತುಂಡಾದರೆ ಜಮಖಾನ ಸತ್ತ ಹಾಗೆ. ಊಟ ಮುಗಿಸಿ ಬಂದ ವೆಲಿಕಾ ನೆಲಕ್ಕೆ ಬಿದ್ದ ಬಣ್ಣದ ರಾಶಿಯ ಮುಂದೆ ಕೂತು, ಸತ್ತವರ ಮುಂದೆ ಅಳುವ ಹಾಗೆ ದನಿಯೆತ್ತಿ ಅತ್ತಳು. ಸೊಸೆಯ ಮೇಲಿನ ಅವಳ ಪ್ರೀತಿ ಅಲ್ಲಿಗೇ ಮುಗಿಯಿತು.

ನಾಯ್ದಾಳನ್ನು ಜಿಲ್ಲಾ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಚೆರಿ ಮರ ಹೂ ಬಿಟ್ಟು, ಹಣ್ಣು ಬಿಟ್ಟು, ಹಣ್ಣು ಮುಗಿಯುವ ಹೊತ್ತಿಗೆ ವಾಪಸು ಬಂದಳು. ಕರೆತರಲು ಹೋಗಿದ್ದ ಪರ್ವಾನ್ ಗಣಿಯಲ್ಲಿ ಪಾಳಿ ಮುಗಿಸಿ ನಿದ್ದೆಗೆಟ್ಟು ಹೋದವನು. ಡಾಕ್ಟರು ಹೇಳಿದ್ದರಲ್ಲಿ ಅವನ ತಲೆಗೆ ಹತ್ತಿದ್ದು ಇಷ್ಟೇ.

"ದನಿಗಳೆಲ್ಲ ಹೋದ್ವಂತೆ ಅಮ್ಮ. ಮಾತ್ರೆ ಬಿಡಬಾರದಂತೆ. ಇನ್ನು ಮನೆಕೆಲ್ಸ ಮಾಡ್ಕೊಂಡಿರಬೋದಂತೆ."

"ವಾಸಿಯಾಯ್ತಲ್ಲ? ಅಷ್ಟು ಹೇಳು."

"ಹೂಂ. ವಾಸಿಯಾಯ್ತು."

ದನಿಗಳು ಹೋಗಿದ್ದದ್ದು ನಿಜ. ನಾಯ್ದಾಳ ಕಿವಿ ಒಕ್ಕಲೆದ್ದ ಮನೆಯ ಹಾಗೆ ಖಾಲಿಯಾಗಿತ್ತು. ಆದರೆ ಅವುಗಳ ಜೊತೆಗೆ ಇನ್ನೇನೋ ಹೋಗಿತ್ತು, ಅದನ್ನು ಏನಂತ ಕರೆಯಬೇಕೋ ಅವಳಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಯಾರಾದರೂ ಆಡಿದ ಮಾತು ಒಳಗೆ ಬಂದು ಕೂರುತ್ತಿತ್ತು, ಅದರ ಹಿಂದಿನದು ಅದರ ಪಕ್ಕ ಕೂರುತ್ತಿತ್ತು. ಈಗ ಎರಡನೆಯದು ಬಂದ ಕೂಡಲೇ ಮೊದಲನೆಯದು ಎದ್ದು ಹೋಗುತ್ತದೆ. ಯಾರಾದರೂ ಬೇಗ ಮಾತಾಡಿದರೆ ಅವಳಿಗೆ ಬಾಯಿ ಅಲ್ಲಾಡುವುದು ಕಾಣುತ್ತದೆ, ಅರ್ಥ ಮಾತ್ರ ಆಮೇಲಿನ ಬಸ್ಸಿಗೆ ಬಂದ ಹಾಗೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕೇಳಿದವರು ಸಿಟ್ಟಾಗಿರುತ್ತಾರೆ.

ಬಂದ ವಾರದಲ್ಲೇ ವೆಲಿಕಾ ಕೊಟ್ಟಿಗೆಯಿಂದ ಕೂಗಿ ಹೇಳಿದಳು. "ಹಾಲು ಕಾಯ್ಸು, ಆರಿಸಿ ಹೆಪ್ಪು ಹಾಕು, ಕಂಬಳಿ ಸುತ್ತಿಡು, ಕೋಳಿಗೆ ಜೋಳ ಚೆಲ್ಲು, ಮಗೂಗೆ ಅಂಗಿ ಬದಲಾಯ್ಸು." ಒಳಗೆ ಬಂದು ನೋಡಿದರೆ, ಕುದಿಯುವ ಹಾಲಿಗೇ ಹೆಪ್ಪು ಬಿದ್ದು ಹಾಲೆಲ್ಲ ಒಡೆದು ನೀರು ನೀರಾಗಿತ್ತು. ನಾಯ್ದಾ ಕಂಬಳಿ ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದಳು.

"ಏನೇ ಇದು?"

"ಹೆಪ್ಪು ಹಾಕ್ದೆ ಅತ್ತೆ."

"ಆರಿಸದೇ?"

ನಾಯ್ದಾ ಪಾತ್ರೆ ನೋಡಿದಳು. ಆರಿಸು ಅನ್ನುವ ಮಾತು ಈಗ ಬಂತು.

"ಹೌದು" ಅಂದಳು. "ಆರಿಸ್ಬೇಕಿತ್ತು."

"ನೋಡು, ಗೊತ್ತಿದೆ ಇವಳಿಗೆ! ಗೊತ್ತಿದ್ದೂ ಮಾಡಿದ್ದಾಳೆ. ಹುಟ್ಟಿದಾಗಿಂದ ಮೊಸರು ತಿಂದವಳಿಗೆ ಹೆಪ್ಪು ಹಾಕೋದು ಮರ್ತೋಯ್ತಾ? ಕುಣಿಯೋಕೆ ಮನಸ್ಸಿಲ್ಲದವಳು ನೆಲ ಡೊಂಕು ಅಂದ್ಲಂತೆ. ಆಸ್ಪತ್ರೇಲಿ ಕೂತು ತಿಂದು ಕೈ ಸೋಮಾರಿಯಾಗಿದೆ, ಅಷ್ಟೇ."

ಇಸ್ಕ್ರಾ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಚಳಿ ಶುರುವಾಗುವ ಹೊತ್ತಿಗೆ ಬರುವ ದಿಮಿತ್ರಿ ಹಬ್ಬದ ವಾರ ಮದುವೆ ಗೊತ್ತಾಗಿತ್ತು. "ಅತ್ತಿಗೆ, ನೀನು ಹಿಂಗೆ ಪೆದ್ದಿ ಹಾಗೆ ನಿಲ್ಬೇಡ" ಅಂದಳು. "ನನ್ನ ಗಂಡಿನ ಮನೆಯವರು ನೋಡಿದ್ರೆ ಏನಂದುಕೊಳ್ತಾರೆ?"

ನಾಯ್ದಾಳ ಒಳಗೆ ಸಿಟ್ಟು ಬಂತು. ಬೇಗ ಬರುತ್ತಿದ್ದದ್ದು ಅದೊಂದೇ. ಅದಕ್ಕೆ ಹಾಕಬೇಕಾದ ಮಾತು ಹುಡುಕುವಷ್ಟರಲ್ಲಿ ಇಸ್ಕ್ರಾ ಹೊರಗೆ ಹೋಗಿಯಾಗಿತ್ತು.

ಸತ್ತ ಜಮಖಾನದ ಬದಲಿಗೆ ವೆಲಿಕಾ ಹೊಸ ಹಾಸು ಕಟ್ಟಿದ್ದಳು. ಮದುವೆಯೊಳಗೆ ಮುಗಿಯಲೇಬೇಕು. ಹೊಸ ಜಮಖಾನ ಇಲ್ಲದೆ ಗಂಡನ ಮನೆ ಹೊಸಲು ದಾಟಿದ ಹುಡುಗಿ ಈ ಸೀಮೆಯಲ್ಲಿ ಇಲ್ಲ. ನಾಯ್ದಾ ತನ್ನ ಎಡಗಡೆಗೆ ಹೋಗಿ ಕೂತಳು. ಬೆರಳಿಗೆ ಉಣ್ಣೆ ತಾಗಿದ ಕೂಡಲೇ ಮೈಗೆ ಧೈರ್ಯ ಬಂತು. ಬೆರಳು ಏನನ್ನೂ ಮರೆತಿರಲಿಲ್ಲ. ಎಳೆ ಎತ್ತುವುದು, ಉಣ್ಣೆ ತೂರಿಸುವುದು, ಕಬ್ಬಿಣದ ಬಾಚಣಿಗೆಯಿಂದ ಬಡಿಯುವುದು ಎಲ್ಲ ಮೊದಲಿನ ಹಾಗೇ. ಎಷ್ಟು ಅನ್ನುವುದೊಂದೇ ಜಾರುತ್ತಿತ್ತು. ಅವಳು ತುಟಿ ಬಿಚ್ಚಿದಳು.

"ನಾಲ್ಕು ಕೆಂಪು, ಎರಡು ಕಪ್ಪು…"

ವೆಲಿಕಾ ಬಾಚಣಿಗೆಯಿಂದ ಬೆಂಚನ್ನೇ ಬಡಿದಳು. "ಯಾರ ಜೊತೆ ಮಾತಾಡ್ತಿದ್ದೀಯ?"

"ಲೆಕ್ಕ ಅತ್ತೆ."

"ಲೆಕ್ಕಾನೋ, ಆ ಇಬ್ರೋ? ಹೋದ ಸಲಾನೂ ಹಿಂಗೇ ಶುರುವಾಗಿದ್ದು. ತುಟಿ ಅಲ್ಲಾಡ್ತಾ ಇತ್ತು, ನಾನು ಲೆಕ್ಕ ಅಂದ್ಕೊಂಡೆ. ಲೆಕ್ಕ ಹೇಳ್ಕೊಂಡು ಹೇಳ್ಕೊಂಡೇ ಕತ್ತರಿ ಎತ್ಕೊಂಡೆ ನೀನು. ಬಾಯ್ಮುಚ್ಚಿ ನೇಯಿ. ಬೀದಿಯಲ್ಲಿ ಹೋಗೋರ ಕಿವಿಗೆ ನಿನ್ನ ಗೊಣಗಾಟ ಬಿದ್ರೆ ನನ್ನ ಮಗಳ ಮದುವೆ ಮುರಿದುಬೀಳುತ್ತೆ."

ಹೇಳಿ ಮುಗಿಸಿ ವೆಲಿಕಾ ತನ್ನ ಕಡೆಗೆ ತಿರುಗಿದಳು. ತಿರುಗಿದವಳೇ "ಮೂರು ಬಿಳಿ, ಒಂದು ಹಳದಿ, ತಿರುಗು" ಅಂತ ಗೊಣಗತೊಡಗಿದಳು.

ನಾಯ್ದಾ ಬಾಯಿ ಮುಚ್ಚಿದಳು. ಬಾಯಿ ಮುಚ್ಚಿದ ಮೇಲೆ ತಲೆಯೊಳಗಿನ ಲೆಕ್ಕಕ್ಕೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಪಕ್ಕದಲ್ಲಿ ಅತ್ತೆಯ ಮೂರು ಬಿಳಿ ಬಂದು ಇವಳ ನಾಲ್ಕು ಕೆಂಪನ್ನು ತಳ್ಳಿಹಾಕುತ್ತಿತ್ತು. ಪಕ್ಕದವಳ ಹಕ್ಕಿ ನೋಡಿ ನಕಲು ಮಾಡೋಣವೆಂದರೆ ಅದು ತಿರುಗುಮುರುಗು, ತಲೆಯಲ್ಲೇ ಬಲವನ್ನು ಎಡ ಮಾಡಿಕೊಳ್ಳಬೇಕು. ಅಷ್ಟು ಶಕ್ತಿ ಅವಳ ತಲೆಗೆ ಈಗ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇವಳ ಹಕ್ಕಿಯ ರೆಕ್ಕೆ ಮರದ ಕೊಂಬೆಯೊಳಗೆ ತೂರಿಕೊಂಡಿತ್ತು.

ವೆಲಿಕಾ ಅದನ್ನೆಲ್ಲ ಬಿಚ್ಚಿದಳು. ಬೇರೆಯವಳು ನೇಯ್ದ ಸಾಲನ್ನು ಬಿಚ್ಚುವುದು ಅಂದರೆ ಈ ಊರಲ್ಲಿ ಮುಖಕ್ಕೆ ಉಗಿದ ಹಾಗೆ. ವೆಲಿಕಾ ಬೇಕಂತಲೇ ನಿಧಾನವಾಗಿ ಬಿಚ್ಚಿದಳು, ಎಳೆ ಎಳೆಯನ್ನೂ ಸೊಸೆಯ ಮಡಿಲಿಗೆ ಹಾಕುತ್ತಾ. ಮರುದಿನವೂ ಬಿಚ್ಚಿದಳು, ಅದರ ಮರುದಿನವೂ.

"ಕೇಳು" ಅಂದಳು ಕೊನೆಗೆ. "ಎಡಗಡೆ ನಡೆಸೋಕೆ ಆಗ್ದೇ ಇದ್ರೆ ನಿನ್ನಪ್ಪನ ಮನೆಗೆ ಹೋಗು. ಸ್ಲಾವ್ಕಾ ಬಂದು ಕೂರ್ತಾಳೆ. ಮಗು ಇಲ್ಲೇ ಇರುತ್ತೆ, ಅದು ನಮ್ಮ ಮನೆ ರಕ್ತ."

ಸ್ಲಾವ್ಕಾ ಅಂದರೆ ಪಕ್ಕದ ಮನೆಯ ವಿಧವೆ. ಹಲ್ಲು ಕಡಿಮೆ, ನಾಲಿಗೆ ಉದ್ದ.

ಈ ಮಾತು ನಾಯ್ದಾಳ ಒಳಗೆ ಹೋಗಿ ಕೂತಿತು. ಎರಡನೆಯ ಮಾತು ಬಂದರೂ ಎದ್ದು ಹೋಗಲಿಲ್ಲ. ರುಮೆನಾ ಇಲ್ಲಿ, ತಾನು ಅಲ್ಲಿ. ನಡುವೆ ಬೆಟ್ಟ.

ಕೆಲವು ದಿನ ಕಳೆದ ಮೇಲೆ ವೆಲಿಕಾ ಮತ್ತು ಇಸ್ಕ್ರಾ ತೋಟಕ್ಕೆ ದೊಣ್ಣೆಮೆಣಸು ಕೀಳಲು ಹೋದರು. ಮನೆಯಲ್ಲಿ ನಾಯ್ದಾ, ನಿದ್ದೆ ಮಾಡುವ ಮಗು, ಇಬ್ಬರೇ. ಅವಳು ಕಿಟಕಿ ಮುಚ್ಚಿ ಬೆಂಚಿನ ಮೇಲೆ ಕೂತು ಬಾಯಿ ಬಿಟ್ಟಳು. ಗೊಣಗಾಟ ಸಾಲದಾಯಿತು. ಪಾಠ ಒಪ್ಪಿಸುವ ಮಕ್ಕಳ ಹಾಗೆ ಗಟ್ಟಿಯಾಗಿಯೇ ಹೇಳಿದಳು. ನಾಲ್ಕು ಕೆಂಪು. ನಾಲ್ಕು ಕೆಂಪು ಹಾಕ್ತಿದ್ದೀನಿ. ಹಾಕಿದೆ. ಈಗ ಕಪ್ಪು. ಎಷ್ಟು ಕಪ್ಪು? ಎರಡು. ತಲೆಯೊಳಗೆ ನಿಲ್ಲದ್ದು ಗಾಳಿಯಲ್ಲಿ ನಿಂತಿತು. ಬಾಯಿ ಹೇಳಿತು, ಕಿವಿ ಕೇಳಿತು, ಬೆರಳು ಮಾಡಿತು. ನಿಧಾನ, ಬಹಳ ನಿಧಾನ. ಮೊದಲಿನ ವೇಗದ ಕಾಲುಭಾಗವೂ ಇಲ್ಲ. ನಡುವೆ ಮಗು ಎದ್ದು "ಅಮ್ಮ" ಅಂದಾಗ ಲೆಕ್ಕ ಪೂರಾ ಬಿದ್ದುಹೋಯಿತು, ಆ ಸಾಲನ್ನು ಮೊದಲಿಂದ ಬಿಚ್ಚಿ ಹಾಕಬೇಕಾಯಿತು. ಆದರೆ ಹಕ್ಕಿಯ ಎದೆ ಎದ್ದು ಬಂತು, ಕೊಂಬೆಗೆ ತಾಗದೆ, ದುಂಡಗೆ.

ತೋಟದಿಂದ ಬಂದ ವೆಲಿಕಾ ಬುಟ್ಟಿ ಇಳಿಸಿ ಮಗ್ಗದ ಹತ್ತಿರ ಬಂದಳು. ಹಿಂಬದಿಗೆ ಕೈಹಾಕಿ ಸವರಿದಳು.

"ಹಂಗಾದ್ರೆ ಬರುತ್ತೆ ನಿಂಗೆ" ಅಂದಳು ವೆಲಿಕಾ.

"ಬಂತು ಅತ್ತೆ."

"ನಾನು ಪಕ್ಕದಲ್ಲಿದ್ರೆ ಬರಲ್ಲ. ನಾನಿಲ್ದೆ ಇದ್ರೆ ಬರುತ್ತೆ." ಅವಳ ದನಿ ತಣ್ಣಗಿತ್ತು. "ಇಷ್ಟು ದಿನ ನಾನು ಸೋಮಾರಿತನ ಅಂದ್ಕೊಂಡಿದ್ದೆ. ಇದು ಹಗೆ. ಬೇಕಂತಲೇ ನನ್ನ ಕೈಯಲ್ಲಿ ಬಿಚ್ಚಿಸಿದೆ ನೀನು. ಮೊದಲ ಜಮಖಾನ ಕತ್ತರಿಸಿದ್ದೂ ರೋಗ ಅಲ್ಲ, ಇದೇ ಹಗೆ."

"ಅಲ್ಲ ಅತ್ತೆ, ನಾನು ಗಟ್ಟಿಯಾಗಿ—"

"ಮುಚ್ಚು ಬಾಯಿ. ನಿನ್ನಪ್ಪನಿಗೆ ಹೇಳಿ ಕಳಿಸ್ತೀನಿ."

ಹೇಳಿ ಕಳಿಸಿಯೂ ಬಿಟ್ಟಳು. ಶನಿವಾರ ಬಂದು ಮಗಳನ್ನು ಕರೆದುಕೊಂಡು ಹೋಗಬೇಕು ಅಂತ.

ಆ ಸಂಜೆ ಪರ್ವಾನ್ ಗಣಿಯಿಂದ ಬಂದು ಕಾಳಿನ ಸಾರಿನ ಮುಂದೆ ಕೂತಿದ್ದ. ಸ್ಲಾವ್ಕಾ ಸೌದೆ ಕೇಳುವ ನೆಪದಲ್ಲಿ ಬಂದು ಒಲೆಯ ಪಕ್ಕ ನಿಂತಿದ್ದಳು. ಅಮ್ಮ ಹೇಳಿದ್ದನ್ನೆಲ್ಲ ಕೇಳಿದ ಪರ್ವಾನ್ ಚಮಚ ಕೆಳಗಿಟ್ಟ.

"ಅಮ್ಮ… ಡಾಕ್ಟರು ಇನ್ನೊಂದು ಹೇಳಿದ್ರು."

"ಏನು?"

"ದನಿ ಹೋಗುತ್ತೆ, ಆದ್ರೆ ತಲೆಯ ಹಿಡಿತ ತಕ್ಷಣ ಬರಲ್ಲ ಅಂತ. ಕೆಲವರಿಗೆ ವರ್ಷಗಟ್ಲೆ ಬರಲ್ವಂತೆ. ನೆನಪಲ್ಲಿ ಇಟ್ಕೊಳ್ಳೋದು, ಒಂದಾದ ಮೇಲೆ ಒಂದು ಮಾಡೋದು, ಎರಡು ಕೆಲ್ಸ ಒಟ್ಟಿಗೆ ನಡೆಸೋದು, ಇದೆಲ್ಲ ರೋಗದ್ದೇ ಅಂತೆ. ಮಾತ್ರೆಗೂ ಅದು ಹೋಗಲ್ವಂತೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಕಾಯಿರಿ ಅಂದ್ರು."

"ಇದನ್ನ ಯಾಕೋ ಆವಾಗ್ಲೇ ಬೊಗಳಲಿಲ್ಲ?"

"ಮರ್ತೆ."

ಸ್ಲಾವ್ಕಾ ಕಿಸಕ್ಕನೆ ನಕ್ಕಳು. "ಚೆನ್ನಾಗಿದೆ ನಿಮ್ಮನೆ ನ್ಯಾಯ. ನಿನ್ನ ಮಗ ಮರೆತ್ರೆ ಮರೆವು. ಸೊಸೆ ಮರೆತ್ರೆ ಹಗೆ."

"ಸೌದೆ ತಗೊಂಡು ನಡಿ ನೀನು" ಅಂದಳು ವೆಲಿಕಾ. ಮಗನ ಕಡೆ ತಿರುಗಿ, "ಡಾಕ್ಟರು ಪಟ್ಟಣದಲ್ಲಿ ಕೂತ್ಕೊಂಡು ಹೇಳ್ತಾನೆ. ನಾನು ಕಣ್ಣಾರೆ ನೋಡ್ದೆ. ತಪ್ಪಿಲ್ದ ಹಕ್ಕಿ! ಹಿಡಿತ ಇಲ್ದೋಳಿಗೆ ಅದು ಹೆಂಗೆ ಬಂತು? ಶನಿವಾರ ಅವಳು ಹೋಗ್ತಾಳೆ."

ಪರ್ವಾನ್ ಮತ್ತೆ ಚಮಚ ಎತ್ತಿಕೊಂಡ. ಅವನು ಕೆಟ್ಟವನಲ್ಲ, ಅಮ್ಮನ ಮುಂದೆ ಅವನ ಬೆನ್ನುಮೂಳೆ ಸ್ವಲ್ಪ ಮೆತ್ತಗೆ, ಅಷ್ಟೇ.

ಪಕ್ಕದ ಕೋಣೆಯಲ್ಲಿ ಮಗುವಿನ ಜೊತೆ ಮಲಗಿದ್ದ ನಾಯ್ದಾಳಿಗೆ ಎಲ್ಲ ಕೇಳಿಸಿತು. ಎಲ್ಲವೂ ಉಳಿಯಲಿಲ್ಲ. ಒಂದು ಉಳಿಯಿತು, ತಪ್ಪಿಲ್ಲದ ಹಕ್ಕಿ ಹೆಂಗೆ ಬಂತು ಅನ್ನುವುದು. ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ, ತೋರಿಸಬೇಕು. ಹೇಗೆ ತೋರಿಸಬೇಕು ಅನ್ನುವುದನ್ನು ಅವಳು ಗುರುವಾರವೆಲ್ಲ ಯೋಚಿಸಿದಳು, ಶುಕ್ರವಾರವೆಲ್ಲ ಯೋಚಿಸಿದಳು. ಹಿಂದಿನ ನಾಯ್ದಾಳಾಗಿದ್ದರೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹೊಳೆದುಬಿಡುತ್ತಿತ್ತು. ಈಗ ಅದು ತುಂಡು ತುಂಡಾಗಿ ಬಂತು. ಸಿಕ್ಕ ತುಂಡು ಕಳೆದುಹೋಗದಿರಲಿ ಅಂತ ಮೆಣಸಿನ ತೊಟ್ಟು ಮುರಿಯುತ್ತಾ ತಲೆವಸ್ತ್ರದ ಮರೆಯಲ್ಲೇ ಹೇಳಿಕೊಂಡಳು. ಅತ್ತೆಯ ಬಾಯಿ ಮುಚ್ಚಿಸು. ಅತ್ತೆಯ ಬಾಯಿ ಮುಚ್ಚಿಸು.

ಶನಿವಾರ ವೆಲಿಕಾಳ ಅಂಗಳದಲ್ಲಿ ದೊಣ್ಣೆಮೆಣಸು ಸುಡುವ ಕೆಲಸ. ಚಳಿಗಾಲಕ್ಕೆ ಆಗುವಷ್ಟು ಸುಟ್ಟು, ಸಿಪ್ಪೆ ತೆಗೆದು, ಅರೆದು ಶೀಶೆಗೆ ತುಂಬಬೇಕು. ನೆರೆಯ ಹೆಂಗಸರೆಲ್ಲ ಸೇರಿದ್ದರು. ಕೈಯೆಲ್ಲ ಕೆಂಪು, ಕಣ್ಣೆಲ್ಲ ಹೊಗೆ. ಅಷ್ಟು ಹೊತ್ತಿಗೆ ನಾಯ್ದಾಳ ಅಪ್ಪ ಲಾಜಾರ್ ಬಂದ. ಮಗಳ ಬಟ್ಟೆ ತುಂಬಿಕೊಂಡು ಹೋಗಲು ಖಾಲಿ ಚೀಲ ತಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಜಗಲಿಯ ಅಂಚಿನಲ್ಲಿ ನಿಂತ.

"ಬನ್ನಿ ಬೀಗರೇ" ಅಂದಳು ವೆಲಿಕಾ, ಎಲ್ಲರಿಗೂ ಕೇಳುವ ಹಾಗೆ. "ನಾಳೆ ಊರಲ್ಲಿ ಯಾರೂ ನನ್ನನ್ನ ಕೆಟ್ಟ ಅತ್ತೆ ಅನ್ನಬಾರದು. ನಿಮ್ಮ ಮಗಳು ನಿಮ್ಮೆದುರಿಗೇ ಕೂತು ನೇಯ್ಲಿ. ನನ್ನ ಪಕ್ಕದಲ್ಲಿ. ಸರಿಯಾಗಿ ಬಂದ್ರೆ ಇರ್ತಾಳೆ."

ಮಗ್ಗದ ಕೋಣೆಯ ಕಿಟಕಿ ಬಾಗಿಲು ತೆಗೆದರು. ಹೆಂಗಸರು ಕೈ ಒರೆಸಿಕೊಂಡು ಸುತ್ತ ನಿಂತರು. ನಾಯ್ದಾ ಎಡಗಡೆ ಕೂತಳು.

"ನಾನು ಲೆಕ್ಕ ಹೇಳ್ಕೊಂಡು ನೇಯ್ತೀನಿ" ಅಂದಳು. "ಬಾಯಲ್ಲಿ."

"ನೋಡಿದ್ರಾ?" ವೆಲಿಕಾ ಸುತ್ತ ನೋಡಿದಳು. "ಬಾಯಿ ಬಿಟ್ರೆ ಆ ಇಬ್ರೂ ಬರ್ತಾರೆ ಅಂತ ನಂಗೆ ಗೊತ್ತು. ಬಾಯ್ಮುಚ್ಚಿ ನೇಯಿ."

ನಾಯ್ದಾ ಎರಡು ದಿನ ಬಾಯಿಪಾಠ ಮಾಡಿಕೊಂಡಿದ್ದ ಮಾತು ಒಂದಾದ ಮೇಲೊಂದು ಹೊರಗೆ ಬಂತು, ಕಲ್ಲು ಉರುಳಿಸಿದ ಹಾಗೆ.

"ಮೊದ್ಲು ನೀವು ಬಾಯ್ಮುಚ್ಚಿ ನೇಯಿರಿ ಅತ್ತೆ. ಬಾಯಲ್ಲಿ ನೀರು ತುಂಬ್ಕೊಳ್ಳಿ. ತುಟಿ ಅಲ್ಲಾಡಬಾರದು. ಆಮೇಲೆ ನಾನು ನೇಯ್ತೀನಿ."

"ನಾನ್ಯಾಕೆ? ನಂಗೇನು ರೋಗ?"

"ನೀವೂ ಗೊಣಗ್ತೀರಿ."

"ನಾನಾ? ಸುಳ್ಳಿ! ನಾನೆಲ್ಲೇ ಗೊಣಗ್ತೀನಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಲಾವ್ಕಾ ಆಗಲೇ ನೀರಿನ ಲೋಟ ತಂದಿದ್ದಳು. "ಕುಡಿಯೇ ವೆಲಿಕಾ. ಗೊಣಗದೇ ಇರೋಳಿಗೆ ಒಂದು ಗುಟುಕು ನೀರು ಏನು ಮಾಡೀತು? ಊರಿಗೇ ದೊಡ್ಡ ನೇಕಾರ್ತಿ ನೀನು."

ಅಷ್ಟು ಜನರ ಮುಂದೆ ಹಿಂದೆ ಸರಿಯುವ ಹೆಂಗಸಲ್ಲ ವೆಲಿಕಾ. ಲೋಟ ಕಿತ್ತುಕೊಂಡು ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡಳು. ಮಗ್ಗಕ್ಕೆ ಕೈ ಹಾಕಿದಳು.

ಮೊದಲ ಸಾಲು ಸರಾಗವಾಗಿ ಹೋಯಿತು. ಎರಡನೆಯ ಸಾಲಿನಲ್ಲಿ ಕೈ ಒಂದು ಕಡೆ ನಿಂತಿತು, ಮತ್ತೆ ಹೊರಟಿತು. ಅವಳ ಗಂಟಲಲ್ಲಿ ಏನೋ ಮಾತು ಏರಲು ನೋಡಿ ನೀರಿಗೆ ತಾಗಿ ಇಳಿಯುವುದು ಎದುರಿಗಿದ್ದವರಿಗೆ ಕಾಣುತ್ತಿತ್ತು. ಮೂರನೆಯ ಸಾಲಿಗೆ ಬಿಳಿ ಉಣ್ಣೆ ಹಿಡಿದಳು, ಬಿಟ್ಟಳು, ಹಳದಿ ಹಿಡಿದಳು. ಕುತ್ತಿಗೆ ಕೆಂಪಾಯಿತು. ಇಸ್ಕ್ರಾ "ಅಮ್ಮ, ಸಾಕು" ಅಂದಳು. ವೆಲಿಕಾ ಕೈ ಬೀಸಿ ಅವಳನ್ನು ದೂರ ಸರಿಸಿ ಮುಂದುವರಿಸಿದಳು. ಬಾಚಣಿಗೆಯಿಂದ ಧಡಧಡ ಬಡಿದಳು, ಬಡಿದು ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ ಅನ್ನುವ ಹಾಗೆ.

ಸ್ಲಾವ್ಕಾ ಮಗ್ಗದ ಹಿಂದಕ್ಕೆ ಹೋಗಿ ಬಗ್ಗಿ ನೋಡಿದಳು.

"ಅಯ್ಯೋ ವೆಲಿಕಾ, ನಿನ್ನ ಹಕ್ಕಿ ಕತ್ತು ಮುರ್ಕೊಂಡಿದೆಯಲ್ಲೇ!"

ಹೆಂಗಸರು ನಕ್ಕರು. ಮೆಣಸಿನ ಹೊಗೆಗೆ ಕೆಮ್ಮುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. ನಾಯ್ದಾ ನಗಲಿಲ್ಲ. ಅವಳ ಕಣ್ಣು ಅತ್ತೆಯ ಕೈಮೇಲಿತ್ತು. ಲೆಕ್ಕ ಜಾರಿಹೋದಾಗ ಬೆರಳು ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ಅಂತ ಅವಳು ಮೊದಲ ಸಲ ಹೊರಗಿನಿಂದ ನೋಡುತ್ತಿದ್ದಳು.

ವೆಲಿಕಾ ಬಾಯೊಳಗಿನ ನೀರನ್ನು ನುಂಗಿದಳು. ತಾನು ಕೆಡಿಸಿದ ಸಾಲನ್ನು ತಾನೇ ಬಿಚ್ಚಿದಳು, ಒಂದೊಂದು ಎಳೆ, ಯಾರನ್ನೂ ನೋಡದೆ. ನಗು ತಾನಾಗಿ ನಿಂತಿತು.

"ನನ್ನ ಅಂಗಳದಲ್ಲೇ ನನ್ನನ್ನ ನಗೆಪಾಟಲು ಮಾಡ್ದೆ" ಅಂದಳು ನಾಯ್ದಾಳಿಗೆ. "ಇದನ್ನ ನಾನು ಸಾಯೋ ತನಕ ಮರೆಯಲ್ಲ."

"ಹೂಂ ಅತ್ತೆ."

"ಏನು ಹೂಂ? ಗಟ್ಟಿಯಾಗಿ ಹೇಳ್ಕೊಂಡು ನೇಯಿ. ನಂಗೆ ಒಂದೊಂದು ಮಾತೂ ಕೇಳಿಸ್ಬೇಕು. ಕೆಂಪು ಕಪ್ಪು ಬಿಟ್ಟು ಬೇರೆ ಒಂದು ಸೊಲ್ಲು ಬಂತೋ, ಅವತ್ತೇ ನಿನ್ನನ್ನ ಪಟ್ಟಣದ ಬಸ್ಸು ಹತ್ತಿಸ್ತೀನಿ. ಕತ್ತರಿಯೆಲ್ಲ ಪೆಟ್ಟಿಗೇಲಿರುತ್ತೆ, ಬೀಗದ ಕೈ ನನ್ನ ಸೊಂಟದಲ್ಲಿ."

ನಾಯ್ದಾ ಉಣ್ಣೆ ಎತ್ತಿಕೊಂಡು ಶುರುಮಾಡಿದಳು. "ನಾಲ್ಕು ಕೆಂಪು. ಹಾಕ್ತಿದ್ದೀನಿ. ಹಾಕಿದೆ. ಈಗ ಕಪ್ಪು. ಎರಡು." ಬೀದಿಗೆ ಕೇಳುವಷ್ಟು ದನಿ. ಅತ್ತೆ ಬಿಟ್ಟ ಜಾಗದ ಮಟ್ಟಕ್ಕೆ ಇವಳ ಕಡೆಯ ನೇಯ್ಗೆಯೂ ಏರಬೇಕಾಗಿತ್ತು. ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಒಬ್ಬೊಬ್ಬರಾಗಿ ಹೆಂಗಸರು ಒಲೆಯ ಹತ್ತಿರ ವಾಪಸು ಹೋದರು. ಬಂದದ್ದು ಸರಿಯಾಗಿಯೇ ಬಂತು.

ವೆಲಿಕಾ ಜಗಲಿಗೆ ಬಂದು ಲಾಜಾರನ ಮುಂದೆ ಬ್ರೆಡ್ಡು, ಚೀಸು, ಈಗಷ್ಟೇ ಸುಟ್ಟ ಮೆಣಸು ಇಟ್ಟಳು.

"ತಿಂದ್ಕೊಂಡು ಹೊರಡಿ ಬೀಗರೇ" ಅಂದಳು. "ಒಬ್ರೇ."

ಲಾಜಾರ್ ತಿಂದ. ಖಾಲಿ ಚೀಲವನ್ನು ಮಡಿಸಿ ಕಂಕುಳಿಗೆ ಇಟ್ಟುಕೊಂಡ. ಮೊಮ್ಮಗಳ ತಲೆ ಸವರಿ, ಒಳಗೆ ಬಂದು ಮಗಳ ಬೆನ್ನಿನ ಹಿಂದೆ ನಿಂತ.

"ಹೋಗ್ಬರ್ಲಾ ನಾಯ್ದಾ?"

"ಒಂದು ಬಿಡು. ಬಿಟ್ಟೆ. ಈಗ ಬಿಳಿ. ಬಿಳಿ ಎಷ್ಟು?" ಅಂತಿದ್ದಳು ನಾಯ್ದಾ. ಅವಳ ಹೆಗಲು ಬಿಗಿಯಿತು. ಅಪ್ಪನ ದನಿ ಅವಳಿಗೆ ಕೇಳಿಸಿತ್ತು. ತಿರುಗಿದರೆ ಸಾಲು ಪೂರ್ತಿ ಹೋಗುತ್ತದೆ. "ಬಿಳಿ ಮೂರು. ಹಾಕ್ತಿದ್ದೀನಿ."

"ನೋಡಿದ್ರಾ?" ಅಂದಳು ವೆಲಿಕಾ ಬಾಗಿಲಿಂದ. "ಹೆತ್ತಪ್ಪನಿಗೂ ತಿರುಗಿ ನೋಡಲ್ಲ. ಕಲ್ಲು. ನಾನು ಹೇಳಿದ್ರೆ ಊರವರು ನನ್ನನ್ನ ನೋಡಿ ನಗ್ತಾರೆ."

"ಸಾಲು ಮುಗೀಲಿ" ಅಂದ ಲಾಜಾರ್.

"ಬಸ್ಸು ನಿಮಗೋಸ್ಕರ ನಿಲ್ಲಲ್ಲ."

"ಹೋದ್ರೆ ಹೋಗ್ಲಿ, ನಡ್ಕೊಂಡು ಹೋಗ್ತೀನಿ."

ಅವನು ಅಲ್ಲೇ ಹೊಸಲಿನ ಮೇಲೆ ಕೂತು, ಟೋಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡ.